ರ್‍ಯಾಂಕಿಂಗ್ ಕಾಲಂ ಅಳಿಸು ಅಂದೆ

ಕಳೆದ ವಾರ ಚಿಕ್ಕಪ್ಪನ ಮಗಳು ಒಂದು ಎಕ್ಸೆಲ್ ಶೀಟ್ ಕಳಿಸಿದಳು. ಎಂಟೆಕ್ ಮುಗಿಯುತ್ತಾ ಬಂದಿದೆ, ಬ್ರೇನ್ ಇಮೇಜಿಂಗ್‌ನಲ್ಲಿ ಪಿಎಚ್‌ಡಿ ಮಾಡಬೇಕಂತೆ. ಶೀಟಿನಲ್ಲಿ 42 ಯೂನಿವರ್ಸಿಟಿಗಳು. ದೇಶ, ರ್‍ಯಾಂಕಿಂಗ್, ಕೊನೆಯ ದಿನಾಂಕ, ಅರ್ಜಿ ಫೀಸು, ಎಲ್ಲಕ್ಕೂ ಒಂದೊಂದು ಕಾಲಂ, ಮೇಲಿಂದ ಬಣ್ಣ ಬೇರೆ. "ಅಣ್ಣಾ, ಇದರಲ್ಲಿ ಯಾವುದಕ್ಕೆ ಹಾಕ್ಲಿ ಹೇಳು" ಅಂದಳು. ಮೊದಲು ರ್‍ಯಾಂಕಿಂಗ್ ಕಾಲಂ ಅಳಿಸು, ಆ ಜಾಗದಲ್ಲಿ "ಡೇಟಾ ಎಲ್ಲಿಂದ ಬರುತ್ತೆ?" ಅಂತ ಬರಿ ಅಂದೆ. ಅಷ್ಟು ಕಷ್ಟಪಟ್ಟು ಮಾಡಿದ ಶೀಟು, ಪಾಪ, ಸ್ವಲ್ಪ ಬೇಜಾರಾಯಿತು ಅವಳಿಗೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ. ಇದೇ ಪ್ರಶ್ನೆ ಕೇಳುವವರು ಇನ್ನೂ ನಾಲ್ಕು ಜನ ಇದ್ದಾರೆ.

ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಬೆಂಗಳೂರಿನಲ್ಲಿ ಪಿಎಚ್‌ಡಿ, ಆಮೇಲೆ ಎರಡು ವರ್ಷ ನೆದರ್‌ಲ್ಯಾಂಡ್ಸ್‌ನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದಮೇಲೆ ಒಂದು ಲ್ಯಾಬಿನಲ್ಲಿ ಮಾಡುವ ತಾತ್ಕಾಲಿಕ ಸಂಶೋಧನಾ ಕೆಲಸ. ನಮ್ಮ ಸೋದರತ್ತೆ ಇವತ್ತಿಗೂ ಊರಿನಲ್ಲಿ ಯಾರದಾದರೂ ಎಂಆರ್‌ಐ ರಿಪೋರ್ಟ್ ಬಂದರೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ "ಏನಿದೆ ನೋಡೋ ಇದ್ರಲ್ಲಿ" ಅನ್ನುತ್ತಾರೆ. ನಾನು ಆ ಡಾಕ್ಟರ್ ಅಲ್ಲ ಅತ್ತೆ ಅಂತ ಹೇಳಿ ಹೇಳಿ ಸಾಕಾಗಿದೆ. ಗಡ್ಡೆ ಇದೆಯಾ ಇಲ್ಲವಾ ಅಂತ ನೋಡೋದು ರೇಡಿಯಾಲಜಿಸ್ಟ್ ಕೆಲಸ. ನಾವು ನೂರಾರು ಜನರ ಮೆದುಳಿನ ಸ್ಕ್ಯಾನ್ ಗುಡ್ಡೆ ಹಾಕಿಕೊಂಡು, ಕನ್ನಡ ಓದುವಾಗ ಎಲ್ಲಿ ಏನಾಗುತ್ತೆ, ವಯಸ್ಸಾದಂತೆ ಯಾವ ಭಾಗ ಮೊದಲು ಸೊರಗುತ್ತೆ ಅನ್ನುವಂಥದ್ದನ್ನು ಹುಡುಕುವವರು. ಅದಕ್ಕೇ ಎಂಬಿಬಿಎಸ್ ಆಗಿರಲೇಬೇಕು ಅಂತೇನಿಲ್ಲ. ಎಂಜಿನಿಯರಿಂಗ್, ಫಿಸಿಕ್ಸ್, ಸೈಕಾಲಜಿ, ಸ್ಟ್ಯಾಟಿಸ್ಟಿಕ್ಸ್, ಭಾಷಾಶಾಸ್ತ್ರ ಓದಿದವರೂ ಬರುತ್ತಾರೆ.

ಬರುವ ಮೊದಲು ಒಂದು ಗೊತ್ತಿರಲಿ. ಸ್ಕ್ಯಾನರ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ದಿನಗಳು ತುಂಬಾ ಕಡಿಮೆ. ನನ್ನ ಐದೂವರೆ ವರ್ಷದಲ್ಲಿ ಯಂತ್ರದ ಹತ್ತಿರ ಕಳೆದ ದಿನಗಳು ನೂರು ದಾಟಿದ್ದರೆ ಹೆಚ್ಚು. ಉಳಿದದ್ದೆಲ್ಲ ಲಿನಕ್ಸ್ ಕಪ್ಪು ಪರದೆ, ಪೈಥಾನ್, ಮ್ಯಾಟ್‌ಲ್ಯಾಬ್, ಸ್ಟ್ಯಾಟಿಸ್ಟಿಕ್ಸ್, ಮತ್ತೆ ಸಬ್ಜೆಕ್ಟ್‌ಗಳಿಗೆ, ಅಂದರೆ ಸ್ಕ್ಯಾನ್ ಮಾಡಿಸಿಕೊಳ್ಳಲು ಒಪ್ಪಿದವರಿಗೆ, ಫೋನ್ ಮಾಡಿ "ನಾಳೆ ಬರ್ತೀರಲ್ವಾ ಸರ್" ಅಂತ ಕೇಳೋದು. ಆ ಸಬ್ಜೆಕ್ಟ್‌ಗಳನ್ನು ಒಳಗೆ ಕಳಿಸೋದೇ ಒಂದು ಕಥೆ. ಸ್ಕ್ಯಾನರಿನ ಅಯಸ್ಕಾಂತದ ಬಲ 3 ಟೆಸ್ಲಾ, ಅಂದರೆ ಭೂಮಿಯ ಕಾಂತಶಕ್ತಿಯ ಸುಮಾರು 60 ಸಾವಿರ ಪಟ್ಟು. ಹಾಗಾಗಿ ತಾಳಿ, ಮೂಗುಬೊಟ್ಟು, ಕಾಲುಂಗುರ, ಸೀರೆಯ ಪಿನ್ನು, ಸೊಂಟದ ಬೀಗದಕೈ ಎಲ್ಲ ಹೊರಗೆ. ತಾಳಿ ಬಿಚ್ಚಿ ಅಂದರೆ ಯಾರು ಬಿಚ್ಚುತ್ತಾರೆ? ಅರಿಶಿನ ದಾರ ಕಟ್ಟಿಕೊಂಡು ಒಳಗೆ ಹೋಗಿ ಬರಲಿ ಅಂತ ನಮ್ಮ ಲ್ಯಾಬಿನಲ್ಲಿ ಒಂದು ಉಂಡೆ ದಾರ ಯಾವಾಗಲೂ ಇಟ್ಟಿರುತ್ತಿದ್ದೆವು. ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ವಿದ್ಯುತ್ ಅಳೆಯುವ ಇಇಜಿ ಮಾಡುವವರದು ಬೇರೆ ಪಾಡು. ತಲೆಗೆ ಎಣ್ಣೆ ಹಚ್ಚಬೇಡಿ ಅಂತ ಮೂರು ಸಲ ಹೇಳಿದರೂ ಕೊಬ್ಬರಿ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡು ಬರುತ್ತಾರೆ. ಎಲೆಕ್ಟ್ರೋಡ್ ಕೂರಬೇಕಲ್ಲ!

ಈಗ ಡೇಟಾ ಕಾಲಂ ಯಾಕೆ ಅಂತ ಹೇಳುತ್ತೇನೆ.

ಎಫ್‌ಎಂಆರ್‌ಐ, ಅಂದರೆ ಕೆಲಸ ಮಾಡುತ್ತಿರುವ ಮೆದುಳನ್ನು ನೋಡುವ ಎಂಆರ್‌ಐ, ಮೆದುಳಿನ ಯೋಚನೆಯನ್ನು ಅಳೆಯೋದಿಲ್ಲ, ರಕ್ತವನ್ನು ಅಳೆಯುತ್ತದೆ. ಆಮ್ಲಜನಕ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಕಾಂತದ ಗುಣ ಬೇರೆ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಸೇಜಿ ಒಗಾವ 1990ರಲ್ಲಿ ಇದನ್ನು ಇಲಿಗಳ ಮೆದುಳಿನಲ್ಲಿ ತೋರಿಸಿದರು, ಎರಡು ವರ್ಷದಲ್ಲಿ ಮನುಷ್ಯರ ಮೇಲೂ ಪ್ರಯೋಗಗಳಾದವು. ಆದರೆ ಈ ಸಿಗ್ನಲ್ ತುಂಬಾ ಸಣ್ಣದು, ನಿಧಾನದ್ದು. ನರಕೋಶ ಚುರುಕಾದ ಐದಾರು ಸೆಕೆಂಡ್ ಆದಮೇಲೆ ರಕ್ತದ ಏರಿಕೆ ಕಾಣುತ್ತದೆ. ತಲೆ ಒಂದೆರಡು ಮಿಲಿಮೀಟರ್ ಅಲ್ಲಾಡಿದರೆ ಕೆಲಸ ಕೆಟ್ಟಿತು. ಇಂಥ ಗಲಾಟೆಯೊಳಗಿಂದ ಅರ್ಥ ತೆಗೆಯುವಾಗ ಎಷ್ಟು ಸುಲಭವಾಗಿ ಎಡವಬಹುದು ಅನ್ನೋದಕ್ಕೆ ಸತ್ತ ಮೀನಿನ ಕಥೆ ಇದೆ. 2009ರಲ್ಲಿ ಅಮೆರಿಕದಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್ ಒಳಗಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಇವರ ಮನಸ್ಸಿನಲ್ಲಿ ಏನಿದೆ ಹೇಳು ಅಂತ ಕೇಳಿದರು. ಮೆದುಳಿನ ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಆಕಸ್ಮಿಕವಾಗಿ ಹೊಳೆಯುವುದನ್ನು ತೆಗೆಯಲು ಲೆಕ್ಕದಲ್ಲಿ ಮಾಡಬೇಕಾದ ಒಂದು ತಿದ್ದುಪಡಿ ಬಿಟ್ಟರೆ ಸತ್ತ ಮೀನಿನ ಮೆದುಳೂ "ಯೋಚಿಸುತ್ತಿದೆ" ಅಂತ ಬಂತು! 2012ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ನಗು ಬರುತ್ತೆ, ಆದರೆ ಮೀನಿನ ಜಾಗದಲ್ಲಿ ನಮ್ಮ ಥೀಸಿಸ್ ಇಟ್ಟು ನೋಡಿದರೆ ನಗು ಬರಲ್ಲ.

2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಏಟು ಬಿತ್ತು. ಒಬ್ಬರ ಮೆದುಳಿಗೂ ಇನ್ನೊಬ್ಬರ ಮೆದುಳಿಗೂ ಇರುವ ವ್ಯತ್ಯಾಸವನ್ನು ಬುದ್ಧಿಶಕ್ತಿಗೋ ಮಾನಸಿಕ ಆರೋಗ್ಯಕ್ಕೋ ಜೋಡಿಸಬೇಕಾದರೆ ಸಾವಿರಾರು ಜನ ಬೇಕು ಅಂತ ಆ ಅಧ್ಯಯನ ತೋರಿಸಿತು. ಆಗ ಸಾಮಾನ್ಯವಾಗಿ ಒಂದು ಅಧ್ಯಯನದಲ್ಲಿ ಇರುತ್ತಿದ್ದದ್ದು ಇಪ್ಪತ್ತೈದು ಜನ. ನಾನು ಪಿಎಚ್‌ಡಿ ಶುರು ಮಾಡಿದಾಗ ನನ್ನ ಪ್ಲಾನ್‌ನಲ್ಲಿ ಇದ್ದದ್ದು ಮೂವತ್ತು. ಎಲ್ಲ ಪ್ರಶ್ನೆಗೂ ಸಾವಿರ ಜನ ಬೇಕಿಲ್ಲ ಅನ್ನಿ, ಒಬ್ಬರೊಳಗೇ "ಅ" ಅಕ್ಷರ ಓದಿದಾಗ ಏನು, ಚಿತ್ರ ನೋಡಿದಾಗ ಏನು ಅಂತ ಹೋಲಿಸುವುದಕ್ಕೆ ಕಡಿಮೆ ಜನ ಸಾಕು. ಆದರೆ ಈ ಲ್ಯಾಬ್ ಕೇಳುತ್ತಿರುವ ಪ್ರಶ್ನೆ ಯಾವ ಜಾತಿಯದು, ಅದಕ್ಕೆ ಬೇಕಾದಷ್ಟು ಡೇಟಾ ಇವರ ಹತ್ತಿರ ಇದೆಯಾ, ಇಲ್ಲದಿದ್ದರೆ ನನ್ನ ನಾಲ್ಕು ವರ್ಷದಲ್ಲಿ ಬರುತ್ತಾ? ಸೇರುವ ಮೊದಲು ಇದನ್ನು ಕೇಳದೆ ಬರೀ ಬೋರ್ಡು ನೋಡಿ ಒಳಗೆ ಹೋದವರು ಕಷ್ಟಪಟ್ಟಿದ್ದಾರೆ. ನನ್ನ ಗೆಳತಿಯೊಬ್ಬಳ ಲ್ಯಾಬಿನಲ್ಲಿ ಸ್ಕ್ಯಾನರ್ ಕೆಟ್ಟು, ರಿಪೇರಿಯ ಫೈಲು ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿ ಎಂಟು ತಿಂಗಳು ಹೋಯಿತು. ಆಮೇಲೂ ವಾರಕ್ಕೆ ಎರಡು ಗಂಟೆ, ಅದೂ ರೋಗಿಗಳೆಲ್ಲ ಮುಗಿದಮೇಲೆ ರಾತ್ರಿ.

ಬೆಂಗಳೂರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಅವಳ 42ರಲ್ಲಿ ಬೆಂಗಳೂರಿನದು ಒಂದೂ ಇರಲಿಲ್ಲ. ಇದು ನನಗೆ ಅರ್ಥವೇ ಆಗಲ್ಲ. ಹತ್ತು ಕಿಲೋಮೀಟರ್ ಒಳಗೆ ನಿಮ್ಹಾನ್ಸ್, ಐಐಎಸ್‌ಸಿ ಎರಡೂ ಇವೆ. ನಿಮ್ಹಾನ್ಸ್‌ನಲ್ಲಿ ಎಂಆರ್‌ಐ ಜೊತೆಗೆ ಮೆದುಳಿನ ಕಾಂತಕ್ಷೇತ್ರ ಅಳೆಯುವ ಎಂಇಜಿ ಯಂತ್ರವೂ ಇದೆ, ಮೂರ್ಛೆರೋಗ, ಸ್ಕಿಜೋಫ್ರೀನಿಯಾ, ಪಾರ್ಕಿನ್ಸನ್ ಇರುವ ರೋಗಿಗಳು ದೇಶದ ಮೂಲೆಮೂಲೆಯಿಂದ ಬರುತ್ತಾರೆ. ರೋಗದ ಕಡೆಯಿಂದ ಮೆದುಳು ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಜಾಗ ಸುಲಭಕ್ಕೆ ಸಿಗಲ್ಲ. ಐಐಎಸ್‌ಸಿಯಲ್ಲಿ 2009ರಲ್ಲಿ ಶುರುವಾದ ನ್ಯೂರೋಸೈನ್ಸ್ ಸೆಂಟರ್ ಇದೆ, ನೋಡುವುದು, ಗಮನ ಕೊಡುವುದು ಹೇಗೆ ಅನ್ನುವ ಮೂಲ ಪ್ರಶ್ನೆಗಳು ಅಲ್ಲಿ ಜಾಸ್ತಿ. ನಾಲ್ಕು ವರ್ಷದ ಬಿಇ ಮಾಡಿದವರೂ ನೇರ ಪಿಎಚ್‌ಡಿಗೆ ಅರ್ಜಿ ಹಾಕಬಹುದು.

ಅದೇ ಕ್ಯಾಂಪಸ್ಸಿನಲ್ಲಿ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಅಂತ ಇನ್ನೊಂದಿದೆ. ನನಗೆ ತುಂಬಾ ಇಷ್ಟವಾದ ಕೆಲಸ ಅಲ್ಲಿ ನಡೆಯುತ್ತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ, ಹೌದು, ಮಾವಿನಹಣ್ಣಿನ ಶ್ರೀನಿವಾಸಪುರವೇ, ಅಲ್ಲಿನ ಹಳ್ಳಿಗಳ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಅವರದು. ಮರೆವಿನ ಕಾಯಿಲೆ ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ, ಯಾಕೆ ಅಂತ. ರಕ್ತ, ಜೀನ್, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಸೇರಿದೆ. ಜಗತ್ತಿನ ಮೆದುಳಿನ ಸ್ಕ್ಯಾನ್‌ಗಳಲ್ಲಿ ಬಹುಪಾಲು ಯುರೋಪ್ ಮತ್ತು ಅಮೆರಿಕದ ಓದಿದ ಜನರದ್ದು. ಶಾಲೆಯ ಮೆಟ್ಟಿಲು ಹತ್ತದ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಮಾತಾಡುವ, ಅರವತ್ತರಲ್ಲೂ ಹೊಲದಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸಿನ ಮೆದುಳು ಹೇಗೆ ವಯಸ್ಸಾಗುತ್ತೆ ಅಂತ ಆ ಸ್ಕ್ಯಾನ್‌ಗಳು ಹೇಳಲಾರವು. ಪೆನ್ನು ಹಿಡಿದೇ ಗೊತ್ತಿಲ್ಲದವರಿಗೆ ಗಡಿಯಾರದ ಚಿತ್ರ ಬರೆಯಿರಿ ಅನ್ನುವ ಪರೀಕ್ಷೆ ಕೊಟ್ಟರೆ ಅದು ನೆನಪನ್ನು ಅಳೆಯುತ್ತಾ, ಶಾಲೆಯನ್ನು ಅಳೆಯುತ್ತಾ? ಇದು ಪಿಎಚ್‌ಡಿಗೆ ತಕ್ಕ ಪ್ರಶ್ನೆ. ಅಲ್ಲಿನವರ ಜೊತೆ ಅವರ ಭಾಷೆಯಲ್ಲೇ ಮಾತಾಡಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಇದರಲ್ಲಿ ಒಂದು ಕೈ ಮೇಲು.

ಬೆಂಗಳೂರು ಬಿಟ್ಟರೆ ಹರಿಯಾಣದ ಮಾನೇಸರ್‌ನ ನ್ಯಾಷನಲ್ ಬ್ರೇನ್ ರಿಸರ್ಚ್ ಸೆಂಟರ್, ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆ, ಲಖನೌದ ಸೆಂಟರ್ ಆಫ್ ಬಯೋಮೆಡಿಕಲ್ ರಿಸರ್ಚ್, ಕಾಗ್ನಿಟಿವ್ ಸೈನ್ಸ್‌ಗೆ ಐಐಟಿ ಗಾಂಧಿನಗರ, ಅಲಹಾಬಾದ್ ವಿಶ್ವವಿದ್ಯಾಲಯ. ನೆಟ್, ಗೇಟ್, ಐಸಿಎಂಆರ್ ಅಥವಾ ಡಿಬಿಟಿ ಕೊಡುವ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್, ಇವುಗಳಲ್ಲಿ ಒಂದು ಕೈಯಲ್ಲಿದ್ದರೆ ಹೆಚ್ಚು ಬಾಗಿಲು ತೆರೆಯುತ್ತವೆ.

ದುಡ್ಡಿನ ವಿಷಯ ಮುಚ್ಚಿಡುವುದೇಕೆ. 2023ರಿಂದ ಜೆಆರ್‌ಎಫ್ ತಿಂಗಳಿಗೆ 37 ಸಾವಿರ, ಎರಡು ವರ್ಷ ಆದಮೇಲೆ 42 ಸಾವಿರ, ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್‌ಡಿ ಆದಮೇಲೆ ರಿಸರ್ಚ್ ಅಸೋಸಿಯೇಟ್ ಆದರೆ 58ರಿಂದ 67 ಸಾವಿರ. ಪ್ರಧಾನಮಂತ್ರಿ ಫೆಲೋಶಿಪ್ 70 ಸಾವಿರದಿಂದ ಶುರು, ಆದರೆ ಅದು ಸಿಗುವುದು ಕೆಲವರಿಗೆ. ಕಾಗದದ ಮೇಲೆ ಪರವಾಗಿಲ್ಲ. ಆದರೆ ನನಗೆ ಒಂದು ಸಲ ಐದು ತಿಂಗಳು ಸ್ಟೈಪೆಂಡ್ ಬರಲಿಲ್ಲ, ಅಪ್ಪನ ಹತ್ತಿರ ಬಾಡಿಗೆಗೆ ದುಡ್ಡು ಕೇಳಿದೆ, 28ನೇ ವಯಸ್ಸಿನಲ್ಲಿ. ಸೇರುವ ಮೊದಲು ಹಳೇ ವಿದ್ಯಾರ್ಥಿಗಳನ್ನು ಕೇಳಿ: ದುಡ್ಡು ತಿಂಗಳು ತಿಂಗಳು ಬರುತ್ತಾ?

ಹೊರದೇಶದಲ್ಲಿ ಮೊದಲು ತಿಳಿಯಬೇಕಾದದ್ದು, ನೆದರ್‌ಲ್ಯಾಂಡ್ಸ್ ಮತ್ತು ಜರ್ಮನಿಯಲ್ಲಿ ಪಿಎಚ್‌ಡಿ ಅನ್ನೋದು ಬಹುಮಟ್ಟಿಗೆ ಒಂದು ನೌಕರಿ. ಕಾಂಟ್ರ್ಯಾಕ್ಟ್, ಸಂಬಳ, ರಜೆ, ಎಲ್ಲ ಇರುತ್ತದೆ. ಫೀಸು ಕಟ್ಟುವ ಮಾತೇ ಇಲ್ಲ. ಅದಕ್ಕೇ "ಅಡ್ಮಿಶನ್" ಪುಟ ಹುಡುಕುವ ಬದಲು "ಕೆಲಸ ಖಾಲಿ ಇದೆ" ಪುಟ ಹುಡುಕಬೇಕು, ವರ್ಷವಿಡೀ ಬರುತ್ತಿರುತ್ತವೆ. ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿರುವ ಡೊಂಡರ್ಸ್, ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್, ಈ ಎರಡು ಸಂಶೋಧನಾ ಸಂಸ್ಥೆಗಳನ್ನೂ ಅವಳ ಶೀಟಿಗೆ ಸೇರಿಸಿದೆ. ಅಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಬೇಕು, ಎಂಟೆಕ್ ನಡೆಯುತ್ತೆ. ಐರೋಪ್ಯ ಒಕ್ಕೂಟದ ದುಡ್ಡಿನಲ್ಲಿ ಹಲವು ದೇಶದ ಲ್ಯಾಬುಗಳು ಸೇರಿ ನಡೆಸುವ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳಲ್ಲಿ ಒಂದು ವಿಚಿತ್ರ ನಿಯಮ ನಮಗೆ ಅನುಕೂಲ: ಕೆಲಸ ಕೊಡುವ ದೇಶದಲ್ಲಿ ಕಳೆದ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಅಂದರೆ ಅಲ್ಲಿನವರಿಗೇ ಕಷ್ಟ, ಇಲ್ಲಿಂದ ಹೊಸದಾಗಿ ಹೋಗುವವರಿಗೆ ಸಲೀಸು.

ಬ್ರಿಟನ್‌ನಲ್ಲಿ ಕೆಲಸ ಮೊದಲ ದರ್ಜೆಯದು, ಸ್ಕ್ಯಾನ್ ವಿಶ್ಲೇಷಣೆಗೆ ನಾವೆಲ್ಲ ಬಳಸುವ ಸಾಫ್ಟ್‌ವೇರುಗಳಲ್ಲಿ ಎಸ್‌ಪಿಎಂ ಲಂಡನ್ನಿನದು, ಎಫ್‌ಎಸ್‌ಎಲ್ ಆಕ್ಸ್‌ಫರ್ಡಿನದು. ಆದರೆ ಹೊರದೇಶದವರ ಫೀಸು ಪೂರ್ತಿ ಕೊಡುವ ಸ್ಕಾಲರ್‌ಶಿಪ್ ಸಿಗೋದು ಕಷ್ಟ. ಸಾಲ ಮಾಡಿ ಪಿಎಚ್‌ಡಿಗೆ ಹೋಗಬೇಡಿ, ಇದೊಂದು ಮಾತು ಯಾರು ಕೇಳಿದರೂ ಹೇಳುತ್ತೇನೆ. ಅಮೆರಿಕದಲ್ಲಿ ಬಿಇ ಮುಗಿಸಿ ನೇರ ಸೇರಬಹುದು, ಫೀಸು ಮನ್ನಾ, ಸ್ಟೈಪೆಂಡ್, ಐದಾರು ವರ್ಷ. ಆದರೆ 2025ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಎಷ್ಟೋ ಗ್ರಾಂಟುಗಳು ರದ್ದಾದವು, ಕೆಲವು ಕಡೆ ಪಿಎಚ್‌ಡಿ ಸೀಟೂ ಕಡಿಮೆ ಮಾಡಿದರು. ಅಲ್ಲಿಗೆ ಹಾಕುವುದಾದರೆ "ನಿಮ್ಮ ಗ್ರಾಂಟ್ ಯಾವ ವರ್ಷದವರೆಗೆ ಇದೆ?" ಅಂತ ಗೈಡ್‌ನ ನೇರವಾಗಿ ಕೇಳಿ. ಅಲ್ಲಿ ಯಾರೂ ಅದನ್ನು ಉದ್ಧಟತನ ಅಂದುಕೊಳ್ಳಲ್ಲ.

ಪೋಸ್ಟ್‌ಡಾಕ್ ಬಗ್ಗೆ ಸಂಕ್ಷಿಪ್ತವಾಗಿ. ಎರಡು ದಾರಿ. ಒಂದು, ಯಾರದೋ ಗ್ರಾಂಟಿನಲ್ಲಿ ಕೆಲಸಕ್ಕೆ ಸೇರುವುದು. ಇನ್ನೊಂದು, ನಿಮ್ಮದೇ ಫೆಲೋಶಿಪ್ ತರುವುದು. ಮೇರಿ ಕ್ಯೂರಿ ಪೋಸ್ಟ್‌ಡಾಕ್‌ಗೆ ಪಿಎಚ್‌ಡಿ ಆಗಿ ಎಂಟು ವರ್ಷದೊಳಗೆ ಹಾಕಬೇಕು, ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಅದನ್ನು ಅಲ್ಲಿನ ಗೈಡ್ ಜೊತೆ ಕೂತು ಬರೆಯಬೇಕಾದ್ದರಿಂದ ಮಾರ್ಚಿನಲ್ಲೇ ಮಾತು ಶುರು ಮಾಡಿ. ಇಲ್ಲೇ ಇರುವವರಿಗೆ ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ನ ನ್ಯಾಷನಲ್ ಪೋಸ್ಟ್‌ಡಾಕ್, ಐಐಎಸ್‌ಸಿಯ ಸಿ.ವಿ. ರಾಮನ್ ಫೆಲೋಶಿಪ್ ಇವೆ. ನಾನು ಮೊದಲ ದಾರಿಯಲ್ಲಿ ಹೋದೆ, ಫೆಲೋಶಿಪ್ ಎರಡು ಸಲ ಹಾಕಿ ಎರಡು ಸಲವೂ ಸಿಗಲಿಲ್ಲ. ಪೋಸ್ಟ್‌ಡಾಕ್ ಇಂಟರ್‌ವ್ಯೂನಲ್ಲಿ ಅವರು ಹೆಚ್ಚು ಹೊತ್ತು ಮಾತಾಡಿದ್ದು ನನ್ನ ಪೇಪರ್ ಬಗ್ಗೆ ಅಲ್ಲ, ನನ್ನ ಒಂದು ತಪ್ಪಿನ ಬಗ್ಗೆ.

ಆ ತಪ್ಪು ಇದು. ಎರಡನೇ ವರ್ಷ ನನ್ನ ಸ್ಕ್ರಿಪ್ಟ್ ಕೆಲವರ ಚಿತ್ರಗಳಲ್ಲಿ ಎಡಬಲ ಅದಲುಬದಲು ಮಾಡಿತ್ತು. ಡಾಕ್ಟರುಗಳು ಚಿತ್ರ ನೋಡುವ ರೀತಿಯಲ್ಲಿ ರೋಗಿಯ ಬಲ ಪರದೆಯ ಎಡಕ್ಕೆ ಬರುತ್ತೆ, ಕೆಲವು ಸಾಫ್ಟ್‌ವೇರುಗಳಲ್ಲಿ ಉಲ್ಟಾ. ಮೂರು ತಿಂಗಳು ಗೊತ್ತೇ ಆಗಲಿಲ್ಲ. ಒಂದು ದಿನ ಬಲಗೈ ಬೆರಳು ಆಡಿಸಿದವನ ಮೆದುಳಿನಲ್ಲಿ ಬಲಭಾಗವೇ ಹೊಳೆಯಿತು. ಎಡಭಾಗ ಹೊಳೆಯಬೇಕಿತ್ತು! ಅವತ್ತು ಊಟ ಸೇರಲಿಲ್ಲ. ಎಲ್ಲ ಮೊದಲಿಂದ ಮಾಡಿ, ಆಮೇಲೆ ಪ್ರತಿಯೊಬ್ಬರ ಹಣೆಯ ಬಲಗಡೆ ಒಂದು ವಿಟಮಿನ್ ಇ ಮಾತ್ರೆ ಅಂಟಿಸಿಯೇ ಒಳಗೆ ಕಳಿಸುತ್ತಿದ್ದೆ. ಒಳಗಿನ ಎಣ್ಣೆ ಎಂಆರ್‌ಐನಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತೆ, ಅದು ಇರುವ ಕಡೆ ಬಲ. ಮೆಡಿಕಲ್ ಸ್ಟೋರಿನವನು "ಇಷ್ಟೊಂದು ಯಾಕ್ ಸಾರ್, ಕೂದಲು ಉದುರುತ್ತಾ?" ಅಂತ ಕೇಳುತ್ತಿದ್ದ.

ಗೈಡ್‌ಗಳಿಗೆ ಮೇಲ್ ಬರೆಯುವಾಗ "ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಪ್ಯಾಶನೇಟ್" ಬಿಟ್ಟುಬಿಡಿ. ಅವರ ಒಂದು ಪೇಪರ್ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ವಿಷಯ ಕೇಳಿ, ನೀವು ಬರೆದ ಕೋಡಿನ ಲಿಂಕ್ ಹಾಕಿ. ಕೋಡ್ ಎಲ್ಲಿಂದ ತರೋದು ಅಂದರೆ, ಡೇಟಾ ಬಿಟ್ಟಿಯಾಗಿ ಬಿದ್ದಿದೆ. ಓಪನ್‌ನ್ಯೂರೋ ಅನ್ನುವ ವೆಬ್‌ಸೈಟಿನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟಿನಲ್ಲಿ ಸುಮಾರು 1,200 ಯುವಕ ಯುವತಿಯರ ಡೇಟಾ ಇದೆ, ಹೆಸರು ನೋಂದಾಯಿಸಿ ಷರತ್ತು ಒಪ್ಪಿದರೆ ಕೊಡುತ್ತಾರೆ. ಎಸ್‌ಪಿಎಂ, ಎಫ್‌ಎಸ್‌ಎಲ್, ಎಎಫ್‌ಎನ್‌ಐ, ಫ್ರೀಸರ್ಫರ್, ಇವುಗಳಲ್ಲಿ ಯಾವ ಸಾಫ್ಟ್‌ವೇರಿಗೂ ವಿದ್ಯಾರ್ಥಿಗಳು ಕಾಸು ಕೊಡಬೇಕಿಲ್ಲ. ಯಾರೋ ಮಾಡಿದ ಒಂದು ಸಣ್ಣ ಅಧ್ಯಯನವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮತ್ತೆ ಮಾಡಿ ನೋಡಿ. ಅದೇ ಉತ್ತರ ಬರಲಿಲ್ಲವಾ? ಇನ್ನೂ ಒಳ್ಳೆಯದು, ಮೇಲ್‌ನಲ್ಲಿ ಬರೆಯಲು ವಿಷಯ ಸಿಕ್ಕಿತು.

ನಿನ್ನೆ ರಾತ್ರಿ ಹೊಸ ಶೀಟ್ ಬಂತು. 42 ಹೋಗಿ 9 ಆಗಿದೆ, ಅದರಲ್ಲಿ ಮೂರು ಬೆಂಗಳೂರಿನವೇ. ಡೇಟಾ ಕಾಲಂ ತುಂಬಿದ್ದಾಳೆ, ಎರಡು ಕಡೆ "ಗೊತ್ತಿಲ್ಲ, ಮೇಲ್ ಮಾಡಿದೀನಿ" ಅಂತಿದೆ. ಬಣ್ಣ ಮಾತ್ರ ಹಾಗೇ ಇದೆ. ಓಪನ್‌ನ್ಯೂರೋದಿಂದ ಏನನ್ನೋ ಇಳಿಸಲು ಹೋಗಿ ಲ್ಯಾಪ್‌ಟಾಪ್ ತುಂಬಿಹೋಯಿತಂತೆ, ಎರಡು ಟಿಬಿ ಹಾರ್ಡ್ ಡಿಸ್ಕ್ ಕೊಡಿಸಿ ಅಂತ ಚಿಕ್ಕಪ್ಪನ ಹಿಂದೆ ಬಿದ್ದಿದ್ದಾಳೆ. ಚಿಕ್ಕಪ್ಪ ನನಗೆ ಫೋನ್ ಮಾಡಿ, "ಅಲ್ಲ ಕಣೋ, ಮೀನಿನ ಮೆದುಳಿಗೆ ಇಷ್ಟೊಂದು ಜಾಗ ಬೇಕಾ?" ಅಂದರು.