ಗೋಡೆಗೆ ಮುಖ ಮಾಡಿದ ಲೇತ್

ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರ, ಅಂದರೆ ಒಂದು ಹಳೆಯ ಲೇತ್, ಕೊಳ್ಳುವಾಗ ನೋಡಬೇಕಾದದ್ದನ್ನೆಲ್ಲ ನೋಡಿದ್ದೆ. ಬೆಡ್ ಎಂಬ ಉದ್ದನೆಯ ತಳಹಾಸು ಸವೆದಿದೆಯೇ ಎಂದು ಬೆರಳಾಡಿಸಿದೆ, ಸ್ಪಿಂಡಲ್ ತಿರುಗಿಸಿ ಬೇರಿಂಗಿನ ಸದ್ದಿಗೆ ಕಿವಿಗೊಟ್ಟೆ. ಮನೆಗೆ ಒಯ್ಯುವುದು ಹೇಗೆ ಎಂಬ ಯೋಚನೆ ಬಂದದ್ದು ಮಾತ್ರ ದುಡ್ಡು ಕೊಟ್ಟ ಮೇಲೆ. ಸುಮಾರು 400 ಕಿಲೋ ಎರಕದ ಕಬ್ಬಿಣ. ನನ್ನ ಬಳಿ ಇದ್ದದ್ದು ಒಂದು ಹಾರೆ, ನಾಲ್ಕು ಪೈಪು ತುಂಡು, ಹಗ್ಗ, ಜೊತೆಗೆ ಬೇಡವೆಂದರೂ ಬಂದ ಭಾವ.

ತುಂಡನ್ನು ಕಚ್ಚಿ ಹಿಡಿಯುವ ಚಕ್, ಇನ್ನೊಂದು ತುದಿಯಿಂದ ಒತ್ತು ಕೊಡುವ ಟೇಲ್‌ಸ್ಟಾಕ್, ಮೋಟಾರು ಬಿಚ್ಚಿಟ್ಟೆವು. ಭಾರವೆಲ್ಲ ಸ್ಪಿಂಡಲ್ ಕೂರುವ ಹೆಡ್‌ಸ್ಟಾಕಿನ ಕಡೆಗೇ ಇರುವುದರಿಂದ, ಉಳಿ ಹೊತ್ತು ಸರಿಯುವ ಕ್ಯಾರೇಜನ್ನು ಇನ್ನೊಂದು ತುದಿಗೆ ಸರಿಸಿ ಬಿಗಿದೆ. ಅಷ್ಟರಲ್ಲಿ ಭಾವ ಎದುರಿಗೆ ಉದ್ದಕ್ಕೂ ಇರುವ ಲೀಡ್ ಸ್ಕ್ರೂ ಎಂಬ ತಿರುಪಿನ ಸರಳನ್ನು ಹಿಡಿದು ಎತ್ತಲು ಬಗ್ಗಿದ್ದರು.

“ಅದನ್ನು ಮುಟ್ಟಬೇಡಿ ಭಾವ, ಬಾಗಿದರೆ ಥ್ರೆಡ್ ಕೊಯ್ಯುವ ಆಸೆ ಬಿಡಬೇಕು.”

“ಹಿಡಿಕೆಯ ಹಾಗೆ ಇಟ್ಟು ಹಿಡಿಯಬೇಡಿ ಎಂದರೆ ಹೇಗಪ್ಪಾ?”

ಕಾಲುಗಳನ್ನು ಎರಡು ದಪ್ಪ ಮರದ ಪಟ್ಟಿಗಳಿಗೆ ಬೋಲ್ಟು ಹಾಕಿ ಬಿಗಿದೆವು. ಅಲ್ಲಿ ತೊಲೆಗೆ ಚೈನ್ ಪುಲ್ಲಿ ಇದ್ದುದರಿಂದ ಲಾರಿಗೆ ಏರಿಸಿದ್ದು ಗೊತ್ತೇ ಆಗಲಿಲ್ಲ.

ಇಳಿಸುವಾಗ ಗೊತ್ತಾಯಿತು. ಹಲಗೆಗಳನ್ನು ಇಳಿಜಾರಾಗಿ ಇಟ್ಟು, ಹಗ್ಗವನ್ನು ಲಾರಿಯ ಕೊಂಡಿಗೆ ಮೂರು ಸುತ್ತು ಹಾಕಿ, ಗೇಣುಗೇಣಾಗಿ ಸಡಿಲಬಿಟ್ಟೆವು. ಅರ್ಧ ದಾರಿಯಲ್ಲಿ ಒಂದು ಹಲಗೆ ಲಟಕ್ಕೆಂದಿತು. ಲೇತ್ ಎರಡು ಬೆರಳಿನಷ್ಟು ವಾಲಿ ನಿಂತಿತು. ಭಾವ ಭುಜ ಕೊಡಲು ನುಗ್ಗಿದರು. “ದೂರ ಬನ್ನಿ!” ಎಂದು ಕಿರುಚಿದ ದನಿ ನನ್ನದೇ ಎಂದು ನನಗೇ ಅನ್ನಿಸಲಿಲ್ಲ. ಬಿದ್ದರೆ ಕಬ್ಬಿಣ ಬೀಳಲಿ, ಅದರಡಿಯಲ್ಲಿ ಯಾರೂ ಇರಬಾರದು.

ನೆಲ ಮುಟ್ಟಿದ ಮೇಲೆ ಹಾರೆಯ ಆಟ. 5 ಅಡಿಯ ಹಾರೆಗೆ ತುದಿಯಿಂದ 4 ಇಂಚಿನಲ್ಲಿ ಮರದ ತುಂಡು ಒತ್ತು ಕೊಟ್ಟರೆ ನಮ್ಮ ಬಲ 14 ಪಟ್ಟಾಗುತ್ತದೆ. ಮೈಭಾರ ಬಿಟ್ಟರೆ ಸಾಕು, ಯಂತ್ರ ಮೇಲೇಳುತ್ತದೆ. ಎದ್ದಷ್ಟಕ್ಕೂ ಒಂದು ಮರದ ತುಂಡನ್ನು ಕೋಲಿನಿಂದ ಒಳಗೆ ತಳ್ಳುವುದು, ಕೈ ಹಾಕುವಂತಿಲ್ಲ. ಪೈಪುಗಳ ಮೇಲೆ ಕೂತ ಲೇತ್ ಎಷ್ಟು ಹಗುರವಾಗಿ ಹೊರಟಿತೆಂದರೆ ನಿಲ್ಲಿಸುವುದೇ ಕಷ್ಟವಾಯಿತು. ಹಿಂದೆ ಉಳಿದ ಪೈಪನ್ನು ತಂದು ಮುಂದಿಡುವುದು, ತಿರುಗಬೇಕಾದಾಗ ಮುಂದಿನ ಪೈಪನ್ನು ಸುತ್ತಿಗೆಯಿಂದ ಬಡಿದು ಓರೆ ಮಾಡುವುದು. ಹೊಸ್ತಿಲೊಂದಕ್ಕೇ ಒಂದು ಗಂಟೆ ಹೋಯಿತು.

ಕತ್ತಲಾಗುವ ಹೊತ್ತಿಗೆ ಲೇತ್ ಮೂಲೆ ಸೇರಿತು. ನಾನು ಪೈಪುಗಳನ್ನು ಎಳೆದು ಹಾಕಿ ಬೆವರು ಒರೆಸಿಕೊಂಡೆ. ಭಾವ ಅದರ ಸುತ್ತ ಒಮ್ಮೆ ನೋಡಿದರು.

“ಇದರ ಹಿಡಿಗಳೆಲ್ಲ ಗೋಡೆಯ ಕಡೆಗಿವೆಯಲ್ಲ, ನೀನು ಎಲ್ಲಿ ನಿಂತು ಕೆಲಸ ಮಾಡುತ್ತೀಯ?”

ನಾನು ಮಾತಾಡಲಿಲ್ಲ. ಅವರೇ ಹೋಗಿ ಹಾರೆ ತಂದರು.