ಬವುಮಾ ಕೋಟಾ ಪ್ಲೇಯರ್ ಅಲ್ವಾ ಅನ್ನುವವರಿಗೆ

2025ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ ಲಾರ್ಡ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿ ಟೆಸ್ಟ್ ಚಾಂಪಿಯನ್‌ಶಿಪ್ ಗೆದ್ದಿತಲ್ಲ, ಅಲ್ಲಿವರೆಗೆ ನಮ್ಮ ಮೂಡಿಗೆರೆ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಆ ತಂಡದ ನಾಯಕ ಟೆಂಬಾ ಬವುಮಾ ಅಂದರೆ ಬರೀ ಜೋಕು. ಗಿಡ್ಡ, ಕೋಟಾ ಪ್ಲೇಯರ್ (ಅಂದರೆ ಆಟದಿಂದಲ್ಲ, ಕಪ್ಪು ಜನರ ಮೀಸಲಾತಿಯಿಂದ ತಂಡಕ್ಕೆ ಬಂದವನು), ಹೀಗೆ. ಕುಂಟುತ್ತಾ ಓಡಿ 66 ರನ್ ಹೊಡೆದ ಮೇಲೆ ಜೋಕು ಕಡಿಮೆಯಾಯಿತು, ಕೋಟಾ ಅನ್ನೋ ಮಾತು ಮಾತ್ರ ಹೋಗಿಲ್ಲ. ಸೋತರೆ ಕೋಟಾ ಕಾರಣ, ಗೆದ್ದರೆ ಬಿಳಿ ಆಟಗಾರ ಮಾರ್ಕ್ರಮ್ ಕಾರಣ. (ಮಾರ್ಕ್ರಮ್ 136 ಹೊಡೆದದ್ದು ನಿಜ, ಯಾರು ಇಲ್ಲ ಅಂದ್ರು?)

ಒಂದು ಲೆಕ್ಕ ನೋಡಿ. ಆ ದೇಶ ಟೆಸ್ಟ್ ಆಡಲು ಶುರು ಮಾಡಿದ್ದು 1889ರಲ್ಲಿ. ಮೊದಲ ಕಪ್ಪು ಆಫ್ರಿಕನ್ ಆಟಗಾರ ಮಖಾಯ ಎನ್ಟಿನಿ ತಂಡಕ್ಕೆ ಬಂದಿದ್ದು 1998ರಲ್ಲಿ. ಆ ತಂಡದ ಕಪ್ಪು ಆಫ್ರಿಕನ್ ಬ್ಯಾಟ್ಸ್‌ಮನ್ ಒಬ್ಬ ಮೊದಲ ಸಲ ಟೆಸ್ಟ್ ಶತಕ ಹೊಡೆದಿದ್ದು 2016ರಲ್ಲಿ, ಅದು ಇದೇ ಬವುಮಾ. ನೂರು ವರ್ಷ ಹನ್ನೊಂದಕ್ಕೆ ಹನ್ನೊಂದೂ ಒಂದೇ ಬಣ್ಣದವರಿಗೆ ಮೀಸಲಿಟ್ಟಾಗ ಕೋಟಾ ಅಂತ ಯಾರೂ ಕರೆಯಲಿಲ್ಲ.

ಬವುಮಾ ಹುಟ್ಟಿದ್ದು ಕೇಪ್‌ಟೌನಿನ ಲಾಂಗಾದಲ್ಲಿ. ಕಪ್ಪು ಜನ ಊರೊಳಗೆ ಕೆಲಸ ಮಾಡಲಿ, ರಾತ್ರಿ ಮಾತ್ರ ಊರಾಚೆ ಹೋಗಿ ಮಲಗಲಿ ಅಂತ 1920ರ ದಶಕದಲ್ಲೇ ಕಟ್ಟಿದ ಟೌನ್‌ಶಿಪ್ ಅದು. ನನಗೆ ವರ್ಣಭೇದದ ವಿಷಯದಲ್ಲಿ ಎದ್ದು ಕಾಣೋದು ಇದೇ. ನಾವು ಬೆಂಚು, ಬಸ್ಸು, 'ಬಿಳಿಯರಿಗೆ ಮಾತ್ರ' ಅನ್ನೋ ಬೋರ್ಡು ಇಷ್ಟನ್ನೇ ನೆನಪಿಟ್ಟುಕೊಂಡಿದ್ದೇವೆ. ಆದರೆ ಅದು ಮೂಲದಲ್ಲಿ ಜಮೀನಿನ ವ್ಯವಹಾರ. 1913ರ ಕಾಯ್ದೆಯಲ್ಲಿ ಕಪ್ಪು ಜನರಿಗೆ ಬಿಟ್ಟಿದ್ದು ದೇಶದ ಸುಮಾರು ಶೇ. 7ರಷ್ಟು ಭೂಮಿ, 1936ರಲ್ಲಿ ಅದನ್ನು ಶೇ. 13ರವರೆಗೆ ಏರಿಸೋದಾಗಿ ಹೇಳಿದರು. 1948ರಲ್ಲಿ ವರ್ಣಭೇದವನ್ನೇ ನೀತಿ ಮಾಡಿಕೊಂಡ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂತು, 1950ರಲ್ಲಿ ಯಾವ ಬಣ್ಣದವರು ಯಾವ ಬಡಾವಣೆಯಲ್ಲಿ ಇರಬೇಕು ಅಂತಲೂ ಕಾನೂನಾಯಿತು. ಕೇಪ್‌ಟೌನಿನ ನಡುಮಧ್ಯೆ ಡಿಸ್ಟ್ರಿಕ್ಟ್ ಸಿಕ್ಸ್ ಅಂತ ಎಲ್ಲರೂ ಬೆರೆತು ಬದುಕಿದ್ದ ಜಾಗ ಇತ್ತು. 1966ರಲ್ಲಿ ಅದನ್ನು ಬಿಳಿಯರ ಪ್ರದೇಶ ಅಂತ ಘೋಷಿಸಿ 60 ಸಾವಿರಕ್ಕೂ ಜಾಸ್ತಿ ಜನರನ್ನು ದೂರದ ಮರಳುಬಯಲಿಗೆ ಸಾಗಿಸಿದರು. ಚರ್ಚು, ಮಸೀದಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಬುಲ್ಡೋಜರ್ ಹಾಕಿ ನೆಲಸಮ ಮಾಡಿದರು. ಅದರಲ್ಲಿ ಎಷ್ಟೋ ನೆಲ ದಶಕಗಟ್ಟಲೆ ಖಾಲಿಯೇ ಬಿದ್ದಿತ್ತು.

1994ರಲ್ಲಿ ಮಂಡೇಲಾ ಸರ್ಕಾರ ಬಂದ ಮೇಲೆ ಬಡವರಿಗೆ ಪುಕ್ಕಟೆ ಮನೆ ಕಟ್ಟಿಕೊಟ್ಟರು, ಲಕ್ಷಗಟ್ಟಲೆ. ಆರ್‌ಡಿಪಿ ಮನೆ ಅಂತಾರೆ. ಒಳ್ಳೆ ಕೆಲಸವೇ. ಆದರೆ ಕಟ್ಟಿದ್ದೆಲ್ಲಿ? ಜಮೀನು ಅಗ್ಗಕ್ಕೆ ಸಿಗುವಲ್ಲಿ, ಅಂದರೆ ಮತ್ತೆ ಊರಾಚೆ. ಹಳೇ ಸರ್ಕಾರ ಗೆರೆ ಎಳೆದ ಜಾಗದಲ್ಲೇ ಹೊಸ ಸರ್ಕಾರ ಗೋಡೆ ಎಬ್ಬಿಸಿದ ಹಾಗಾಯಿತು. ಇವತ್ತಿಗೂ ಮನೆಗೆಲಸದವರು, ಸೆಕ್ಯುರಿಟಿಯವರು ಕತ್ತಲಿರುವಾಗಲೇ ಎದ್ದು ಮಿನಿಬಸ್ ಟ್ಯಾಕ್ಸಿ ಹಿಡಿದು, ದುಡಿದದ್ದರಲ್ಲಿ ದೊಡ್ಡ ಪಾಲು ಓಡಾಟಕ್ಕೇ ಸುರಿಯುತ್ತಾರೆ. ಸರ್ಕಾರದ 2017ರ ಭೂಲೆಕ್ಕದಲ್ಲಿ, ಖಾಸಗಿ ವ್ಯಕ್ತಿಗಳ ಹೆಸರಲ್ಲಿರುವ ಕೃಷಿಭೂಮಿಯ ಶೇ. 72ರಷ್ಟು ಬಿಳಿಯರದ್ದು. ಜನಸಂಖ್ಯೆಯಲ್ಲಿ ಅವರು ಶೇ. 10 ಕೂಡ ಇಲ್ಲ.

ಹೀಗಿರುವಾಗ 2025ರ ಮೇನಲ್ಲಿ ಬಿಳಿ ಆಫ್ರಿಕಾನರ್‌ಗಳ (ಹೆಚ್ಚಾಗಿ ಡಚ್ ಮೂಲದವರು) ಒಂದು ಗುಂಪು ನಿರಾಶ್ರಿತರು ಅಂತ ಅಮೆರಿಕಕ್ಕೆ ವಿಮಾನ ಹತ್ತಿತು. ಏನು ಹೇಳೋದು!

ಆದರೆ ಮಂಡೇಲಾ ಅವರ ಪಕ್ಷ ಎಎನ್‌ಸಿಗೂ ಈಗ ಅವರ ಹೆಸರು ಸಾಕಾಗುತ್ತಿಲ್ಲ. 1994ರಲ್ಲಿ ಶೇ. 62ಕ್ಕೂ ಹೆಚ್ಚು ಮತ ತಗೊಂಡ ಪಕ್ಷ 2024ರಲ್ಲಿ ಶೇ. 40ಕ್ಕೆ ಇಳಿದು ಸಮ್ಮಿಶ್ರ ಸರ್ಕಾರ ಮಾಡಿಕೊಂಡಿದೆ. ಭ್ರಷ್ಟಾಚಾರ, ಕರೆಂಟ್ ಕಟ್, ನಿರುದ್ಯೋಗ. ಎಲ್ಲದಕ್ಕೂ ಹಳೇ ಆಡಳಿತದ ಕಡೆ ಬೆರಳು ತೋರಿಸಿದರೆ ಆಮೇಲೆ ಹುಟ್ಟಿದ ಹುಡುಗರು ಅದನ್ನು ಯಾಕೆ ಒಪ್ಪುತ್ತಾರೆ?

ಕಾಫಿ ತೋಟಗಳ ನಮ್ಮ ಕಡೆಯವರಿಗೆ ಬೇಗ ಅರ್ಥವಾಗೋದು ಅಲ್ಲಿನ ದ್ರಾಕ್ಷಿ ತೋಟಗಳ ಕಥೆ. ಕೇಪ್ ಪ್ರಾಂತ್ಯದಲ್ಲಿ ಕೂಲಿಯ ಒಂದು ಭಾಗವನ್ನು ದುಡ್ಡಿನ ಬದಲು ವೈನ್ ರೂಪದಲ್ಲಿ ಕೊಡುತ್ತಿದ್ದರು, ಅದಕ್ಕೆ 'ಡಾಪ್' ಅಂತ ಹೆಸರು. ಕಾನೂನು ಬೇಡ ಅಂದ ಮೇಲೂ ಎಷ್ಟೋ ಕಾಲ ನಡೆಯಿತು. ಗರ್ಭದಲ್ಲೇ ಮದ್ಯದಿಂದ ಹಾನಿಯಾದ ಮಕ್ಕಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ಜಾಗಗಳಲ್ಲಿ ಆ ತೋಟಗಳ ಪ್ರದೇಶವೂ ಒಂದು. ಕೂಲಿಯವರ ಮನೆಯೂ ತೋಟದ್ದೇ. ಕೆಲಸ ಹೋದರೆ ಮನೆಯೂ ಹೋಯಿತು. 1997ರಲ್ಲಿ ಸುಮ್ನೆ ಹೊರಹಾಕಬಾರದು ಅಂತ ಕಾಯ್ದೆ ತಂದರೂ ಒಕ್ಕಲೆಬ್ಬಿಸೋದು ನಿಂತಿಲ್ಲ.

ಇದನ್ನು ಪಕ್ಕದ ಎಸ್ಟೇಟಿನ ಮೇಸ್ತ್ರಿಯವರಿಗೆ ಹೇಳಿದೆ. ಹುಟ್ಟಿದಾಗಿನಿಂದ ಲೈನ್ ಮನೆಯಲ್ಲೇ ಇರುವವರು. ಒಂದು ಬಾಗಿಲು, ಒಂದು ಕಿಟಕಿ, ಗೋಡೆಯಾಚೆ ಇನ್ನೊಂದು ಸಂಸಾರ. ಕಾಫಿ ಮೂಟೆಯ ಬಾಯಿ ಹೊಲಿಯುತ್ತಾ ಕೇಳಿಸಿಕೊಂಡರು. ಕ್ರಿಕೆಟ್, ಮಂಡೇಲಾ ಯಾವುದೂ ಅವರಿಗೆ ಬೇಕಾಗಿರಲಿಲ್ಲ.

"ಅಲ್ಲ ಮಾರಾಯ, ಆ ಪುಕ್ಕಟೆ ಮನೆಗೆ ಹಕ್ಕುಪತ್ರ ಕೊಟ್ರಾ?"

ಎಷ್ಟೋ ಜನಕ್ಕೆ ಇನ್ನೂ ಸಿಕ್ಕಿಲ್ಲವಂತೆ ಅಂದೆ.

"ಹಾಗಾದ್ರೆ ಬ್ಯಾಂಕಿನವ್ರು ಸಾಲನೂ ಕೊಡಲ್ಲ," ಅಂದು ಇನ್ನೊಂದು ಮೂಟೆ ಎಳೆದುಕೊಂಡರು.