ವೇಗದ ಲೀಡ್‌ಗೆ ಯಾವ ನೆಕ್? ಮೊದಲು ಹೆಬ್ಬೆರಳನ್ನು ಗಮನಿಸಿ

ಗಿಟಾರ್ ದುರಸ್ತಿ, ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬದಲಾವಣೆ, ಸೆಟಪ್ ಇವು ನನ್ನ ವೃತ್ತಿ. ಹೊಸ ಗಿಟಾರ್ ಕೊಳ್ಳುವ ಮುನ್ನ ಸಲಹೆ ಕೇಳಲು ಬೆಂಗಳೂರಿನ ನಮ್ಮ ಅಂಗಡಿಗೆ ಬರುವವರೂ ಬಹಳ. ಅವರಲ್ಲಿ ಲೀಡ್, ಅಂದರೆ ಒಂದೊಂದೇ ಸ್ವರ ಹಿಡಿದು ಓಡುವ ಭಾಗ, ನುಡಿಸುವವರು ಬಹುತೇಕ ಒಂದೇ ಮಾತು ಕೇಳುತ್ತಾರೆ: "ಸರ್, ಎಲ್ಲಕ್ಕಿಂತ ತೆಳು ನೆಕ್ ಇರುವ ಗಿಟಾರ್ ಯಾವುದು?" ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಕತ್ತು, ತೆಳುವಾದಷ್ಟೂ ಬೆರಳು ವೇಗವಾಗಿ ಓಡುತ್ತದೆ ಎಂಬ ನಂಬಿಕೆ ಅಷ್ಟು ಆಳವಾಗಿ ಬೇರೂರಿದೆ. ನಾನು ಆಗ ಯಾವ ಮಾದರಿಯ ಹೆಸರನ್ನೂ ಹೇಳುವುದಿಲ್ಲ. ಗೋಡೆಯಿಂದ ಒಂದು ಗಿಟಾರ್ ತೆಗೆದುಕೊಟ್ಟು, ಅವರಿಗೆ ಚೆನ್ನಾಗಿ ಒಗ್ಗಿದ ತುಣುಕೊಂದನ್ನು ನುಡಿಸಲು ಹೇಳುತ್ತೇನೆ. ಪಕ್ಕದಲ್ಲಿ ನಿಂತು ಎಡಗೈಯ ಹೆಬ್ಬೆರಳನ್ನು ನೋಡುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕೆಲವರ ಹೆಬ್ಬೆರಳು ನೆಕ್‌ನ ಹಿಂಬದಿಯ ನಟ್ಟ ನಡುವೆ, ಮಧ್ಯದ ಬೆರಳಿಗೆ ಎದುರಾಗಿ ನಿಂತಿರುತ್ತದೆ. ಅಂಗೈಗೂ ಮರಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ ಇರುತ್ತದೆ. ಒಂದೊಂದು ತಂತಿಯ ಮೇಲೆ ಮೂರು ಮೂರು ಸ್ವರ ಹಿಡಿದು ಓಡುವವರಿಗೆ, ಕಿರುಬೆರಳನ್ನು ದೂರದ ಫ್ರೆಟ್‌ಗೆ ಚಾಚುವವರಿಗೆ ಈ ಹಿಡಿತ ಬೇಕೇ ಬೇಕು. ಇನ್ನು ಕೆಲವರ ಹೆಬ್ಬೆರಳು ಮೇಲಂಚನ್ನು ದಾಟಿ ದಪ್ಪ ತಂತಿಯ ಕಡೆಗೆ ಬಾಗಿರುತ್ತದೆ, ನೆಕ್ ಪೂರ್ತಿ ಅಂಗೈಯೊಳಗೆ ಕುಳಿತಿರುತ್ತದೆ. ಬ್ಲೂಸ್ ನುಡಿಸುವವರ ಹಿಡಿತ ಇದು. ತಂತಿಯನ್ನು ಒಂದೂವರೆ ಸ್ವರದಷ್ಟು ಎಳೆಯುವಾಗ ಬರಿಯ ಬೆರಳಿನ ಬಲ ಸಾಲದು. ತೋರುಬೆರಳಿನ ಬುಡ ನೆಕ್‌ನ ಕೆಳಂಚಿಗೆ ಒತ್ತಿಕೊಂಡು, ಮಣಿಕಟ್ಟು ತಿರುಗಿ, ಮೇಲಿನ ಹೆಬ್ಬೆರಳು ಅದಕ್ಕೆ ಎದುರು ಬಲ ಕೊಡಬೇಕು.

ವೇಗದ ಲೀಡ್ ಎಂದರೆ ಈ ಎರಡರಲ್ಲಿ ಒಂದು ಎಂದು ಹಲವರು ತಿಳಿದಿದ್ದಾರೆ. ನಾನು ಕಂಡ ಒಳ್ಳೆಯ ಲೀಡ್ ವಾದಕರೆಲ್ಲ ಒಂದೇ ಸಾಲಿನೊಳಗೆ ಎರಡನ್ನೂ ಬಳಸುತ್ತಾರೆ. ಓಟದಲ್ಲಿ ಹೆಬ್ಬೆರಳು ಹಿಂದಕ್ಕೆ ಇಳಿಯುತ್ತದೆ, ಕೊನೆಯ ಸ್ವರವನ್ನು ಎಳೆದು ನಡುಗಿಸುವಾಗ ಮೇಲಕ್ಕೆ ಏರುತ್ತದೆ. ಈ ಏರಿಳಿತಕ್ಕೆ ಅಡ್ಡಿಯಾಗದ ನೆಕ್ ಆ ವಾದಕರ ಪಾಲಿಗೆ ವೇಗದ ನೆಕ್. ಅದು ತೆಳುವಾಗಿರಬಹುದು, ದಪ್ಪವಾಗಿಯೂ ಇರಬಹುದು.

ಇಲ್ಲಿ ಆಕಾರದ ಮಾತು ಬರುತ್ತದೆ. ನೆಕ್ ಅನ್ನು ಅಡ್ಡಕ್ಕೆ ಕೊಯ್ದರೆ ಹಿಂಬದಿ ಯಾವ ಇಂಗ್ಲಿಷ್ ಅಕ್ಷರದಂತೆ ಕಾಣುತ್ತದೋ ಆ ಹೆಸರಿನಿಂದಲೇ ಕರೆಯುವುದು ವಾಡಿಕೆ: ಸಿ, ಡಿ, ಯು, ವಿ. ಈ ಅಕ್ಷರಗಳು ಆಕಾರವನ್ನು ಹೇಳುತ್ತವೆಯೇ ಹೊರತು ದಪ್ಪವನ್ನು ಹೇಳುವುದಿಲ್ಲ. ಫ್ರೆಟ್‌ಬೋರ್ಡ್ (ಫ್ರೆಟ್‌ಗಳನ್ನು ಕೂರಿಸಿದ ಮುಂಬದಿಯ ಹಲಗೆ) ಸೇರಿಸಿ 20 ಮಿಲಿಮೀಟರ್ ಇರುವ ಸಿ ನೆಕ್ ಮತ್ತು ಅಷ್ಟೇ ಅಳತೆಯ ಡಿ ನೆಕ್ ಎರಡನ್ನೂ ಕಣ್ಣು ಮುಚ್ಚಿ ಹಿಡಿದು ನೋಡಿ, ಡಿ ದಪ್ಪವೆನಿಸುತ್ತದೆ. ಅದರ ಎರಡು ಭುಜಗಳಲ್ಲಿ, ಅಂದರೆ ಫ್ರೆಟ್‌ಬೋರ್ಡ್‌ನ ಅಂಚಿನಿಂದ ಬೆನ್ನಿಗೆ ಇಳಿಯುವ ಜಾಗದಲ್ಲಿ, ಮರ ಹೆಚ್ಚು ಉಳಿದಿರುತ್ತದೆ. ವಿ ನೆಕ್‌ನಲ್ಲಿ ಭುಜದ ಮರವನ್ನೆಲ್ಲ ತೆಗೆದು ನಡುವೆ ದೋಣಿಯ ತಳದಂತಹ ಏಣು ಬಿಟ್ಟಿರುತ್ತಾರೆ. ಹೆಬ್ಬೆರಳನ್ನು ಮೇಲೆ ಇಡುವವರಿಗೆ ಇದು ಬಹಳ ಹಿತ. ಹಿಂಬದಿಯ ನಡುವೆ ಇಡುವವರಿಗೆ ಆ ಏಣು ಒತ್ತುತ್ತಲೇ ಇರುತ್ತದೆ. ಮಾರಾಟದ ಪಟ್ಟಿಯಲ್ಲಿ ಮೊದಲ ಫ್ರೆಟ್ ಮತ್ತು ಹನ್ನೆರಡನೆಯ ಫ್ರೆಟ್ ಬಳಿ ನೆಕ್‌ನ ದಪ್ಪ ಕೊಟ್ಟಿರುತ್ತಾರೆ, ಭುಜದ ಅಳತೆ ಕೊಟ್ಟಿರುವುದಿಲ್ಲ. ಕೈಗೆ ಮೊದಲು ತಾಗುವುದು ಅದೇ ಭುಜ.

ತೆಳು ನೆಕ್‌ನ ಕೀರ್ತಿ ಸುಮ್ಮನೆ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. ಜಪಾನಿನ ಐಬನೀಜ್ ಕಂಪನಿ 1987ರಲ್ಲಿ ರಾಕ್ ಗಿಟಾರ್ ವಾದಕ ಸ್ಟೀವ್ ವಾಯ್ ಅವರೊಡನೆ ಸೇರಿ ಜೆಮ್ ಗಿಟಾರನ್ನು ತಂದಿತು. ಆರ್‌ಜಿ ಸರಣಿಯೂ ಅದೇ ವರ್ಷದ್ದು. ಆ ಕಂಪನಿಯ ವಿಝರ್ಡ್ ನೆಕ್ ಮೊದಲ ಫ್ರೆಟ್‌ನಲ್ಲಿ ಸುಮಾರು 17 ಮಿಲಿಮೀಟರ್, ಹನ್ನೆರಡನೆಯದರಲ್ಲಿ ಸುಮಾರು 20. ಬೆನ್ನು ಚಪ್ಪಟೆ, ಫ್ರೆಟ್‌ಬೋರ್ಡ್ ಕೂಡ ಹೆಚ್ಚು ಕಡಿಮೆ ಚಪ್ಪಟೆ. ಹೆಬ್ಬೆರಳು ಹಿಂಬದಿಯಲ್ಲಿ ಇರುವವರೆಗೆ ಬೆರಳುಗಳಿಗೆ ಅದು ಕೊಡುವ ಚಾಚು ನಿಜಕ್ಕೂ ದೊಡ್ಡದು. ಚಿಕ್ಕ ಕೈಯವರು ಅಂತಹ ನೆಕ್ ಹಿಡಿದು ಮೊದಲ ಬಾರಿಗೆ ದೂರದ ಸ್ವರವನ್ನು ಮುಟ್ಟಿದಾಗ ಮುಖ ಅರಳುವುದನ್ನು ನೋಡುವುದು ನನ್ನ ಕೆಲಸದ ಸಂತೋಷಗಳಲ್ಲಿ ಒಂದು.

ಆದರೆ ಅದೇ ನೆಕ್ ಇನ್ನೊಬ್ಬರ ಕೈಯನ್ನು ನೋಯಿಸುತ್ತದೆ. ಮೆಟಲ್ ತಂಡವೊಂದರ ಯುವಕರೊಬ್ಬರು ತೆಳು ನೆಕ್‌ನ ಗಿಟಾರ್ ತಂದು, ನಾಲ್ಕೈದು ಹಾಡು ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ, ಆಮೇಲೆ ವೇಗವೇ ಇಲ್ಲ ಎಂದರು. ನುಡಿಸಲು ಹೇಳಿ ನೋಡಿದೆ. ಗಿಟಾರ್ ತೂಗುಹಾಕುವ ಹೆಗಲ ಪಟ್ಟಿಯನ್ನು ಇಳಿಬಿಟ್ಟು, ಹೆಬ್ಬೆರಳನ್ನು ಮೇಲೆ ಹಾಕಿ ನುಡಿಸುವ ಅಭ್ಯಾಸ ಅವರದು. ಅಂಗೈಗೆ ಒರಗಲು ಮರವೇ ಇಲ್ಲದ್ದರಿಂದ ಇಡೀ ಹಿಡಿತವನ್ನು ಹೆಬ್ಬೆರಳೇ ಇಕ್ಕಳದಂತೆ ಒತ್ತಿ ಉಳಿಸಿಕೊಳ್ಳಬೇಕಾಗಿತ್ತು. ದುಂಡಗಿನ ಭುಜದ, 22 ಮಿಲಿಮೀಟರ್ ಹತ್ತಿರದ ಸಿ ನೆಕ್ ಕೊಟ್ಟೆ. ಮೊದಲು ಅವರು ಮುಖ ಕಿವುಚಿದರು. ಕಾಲು ಗಂಟೆ ನುಡಿಸಿದ ಮೇಲೆ ಒತ್ತುವುದು ನಿಂತಿತ್ತು, ಕಷ್ಟದ ಓಟ ಕೊನೆಯವರೆಗೂ ಸ್ಪಷ್ಟವಾಗಿ ಬರುತ್ತಿತ್ತು. ಒತ್ತಿ ಹಿಡಿದ ಸ್ನಾಯು ನಿಧಾನವಾದ ಸ್ನಾಯು, ವೇಗವಾಗಿ ನುಡಿಸಬೇಕಾದ ಬೆರಳುಗಳು ಅದೇ ಕೈಯಲ್ಲಿವೆ. (ಜೋಮು ಹಿಡಿಯುವುದು, ನೋವು ಮರುದಿನಕ್ಕೂ ಉಳಿಯುವುದು ಇದ್ದರೆ ಗಿಟಾರ್ ಅಂಗಡಿಗೆ ಬರಬೇಡಿ, ವೈದ್ಯರ ಬಳಿ ಹೋಗಿ.)

ದಪ್ಪ ನೆಕ್ ಎಂದರೆ ನಿಧಾನ ಎನ್ನುವವರಿಗೆ ನಾನು ಕ್ವೀನ್ ರಾಕ್ ತಂಡದ ಬ್ರಯಾನ್ ಮೇ ಅವರ ಹೆಸರು ಹೇಳುತ್ತೇನೆ. ತಂದೆಯೊಡನೆ ಸೇರಿ ಅವರು ಮನೆಯಲ್ಲೇ ಮಾಡಿದ ಗಿಟಾರ್‌ನ ನೆಕ್, ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಕೆತ್ತಿದ್ದು. ತುಂಬ ದಪ್ಪನೆಯದು. ಬ್ರಿಟಿಷ್ ರಾಕ್ ವಾದಕ ಜೆಫ್ ಬೆಕ್ ಅವರ ಹೆಸರಿನ ಫೆಂಡರ್ ಗಿಟಾರ್‌ಗೂ ಮೊದಲಿಗೆ ದಪ್ಪ ನೆಕ್ ಇತ್ತು, 2001ರ ಹೊತ್ತಿಗೆ ಅದನ್ನು ತೆಳುಗೊಳಿಸಿದರು. ಒಬ್ಬ ವಾದಕನ ಕೈಗೂ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ಅಳತೆ ಒಪ್ಪಬಹುದು.

ಬೆನ್ನಿನ ಆಕಾರದಷ್ಟೇ ತೂಕ ಕೊಡಬೇಕಾದದ್ದು ಫ್ರೆಟ್‌ಬೋರ್ಡ್‌ನ ಉಬ್ಬಿಗೆ. ಹಳೆಯ ಫೆಂಡರ್ ಗಿಟಾರ್‌ಗಳ ಫ್ರೆಟ್‌ಬೋರ್ಡ್ ಏಳೂಕಾಲು ಇಂಚಿನ ರೇಡಿಯಸ್‌ (ಉಬ್ಬಿನ ವೃತ್ತದ ತ್ರಿಜ್ಯ) ಉಳ್ಳದ್ದು, ಅಂದರೆ ಚೆನ್ನಾಗಿ ಉಬ್ಬಿರುತ್ತದೆ. ಗಿಬ್ಸನ್‌ನದು ಸಾಮಾನ್ಯವಾಗಿ 12 ಇಂಚು. ವಿಝರ್ಡ್ ನೆಕ್‌ಗಳದು 16 ಇಂಚಿನ ಆಸುಪಾಸು. ಅಂಕಿ ದೊಡ್ಡದಾದಷ್ಟೂ ಪಾತಳಿ ಚಪ್ಪಟೆ. ಉಬ್ಬಿದ ಬೋರ್ಡ್ ಮೇಲೆ ಸಣ್ಣ ತಂತಿಯನ್ನು ಮೇಲಿನ, ಅಂದರೆ ಗಿಟಾರ್ ಮೈಗೆ ಹತ್ತಿರದ, ಫ್ರೆಟ್‌ಗಳಲ್ಲಿ ನಡುವಿನತ್ತ ಎಳೆದರೆ ಅದು ಏರನ್ನು ಹತ್ತಬೇಕಾಗುತ್ತದೆ. ತಂತಿಗಳನ್ನು ತೀರ ಕೆಳಗೆ ಇಟ್ಟಿದ್ದರೆ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಉಸಿರುಗಟ್ಟಿ ಸಾಯುತ್ತದೆ. ಇದನ್ನು ತಪ್ಪಿಸಲು ತಂತಿ ಎತ್ತರಿಸಿದರೆ ಬೆರಳು ಹೆಚ್ಚು ದೂರ ಇಳಿಯಬೇಕು, ವೇಗ ಕುಂದುತ್ತದೆ. ಜಾಕ್ಸನ್, ಚಾರ್ವೆಲ್ ಗಿಟಾರ್‌ಗಳಲ್ಲಿ ನಟ್ (ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಬಳಿ 12 ಇಂಚಿನಿಂದ ಶುರುವಾಗಿ ಕೊನೆಯಲ್ಲಿ 16 ಇಂಚಿಗೆ ಚಪ್ಪಟೆಯಾಗುವ ಬೋರ್ಡ್ ಇಡುವುದು ಇದೇ ಕಾರಣಕ್ಕೆ. ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರ) ಹಿಡಿಯಲು ಉಬ್ಬು, ಮೇಲೆ ಎಳೆಯಲು ಸಮತಟ್ಟು. ಲೀಡ್‌ಗೆ ಒಂದೇ ಒಂದು ಲಕ್ಷಣ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ, ತೆಳುತನವನ್ನಲ್ಲ.

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುವವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಗಮಕಕ್ಕಾಗಿ ತಂತಿಯನ್ನು ಅಡ್ಡಲಾಗಿ ಬಹಳ ದೂರ ಎಳೆಯುವಾಗ, ಎಳೆತದ ತುದಿಯಲ್ಲೂ ಸ್ವರ ನಿಲ್ಲಬೇಕು. ಅವರಿಗೆ ಚಪ್ಪಟೆ ಬೋರ್ಡ್, ಎತ್ತರದ ಫ್ರೆಟ್, ಮೇಲೇರಿದ ಹೆಬ್ಬೆರಳಿಗೆ ಆಸರೆ ಕೊಡುವ ತುಂಬಿದ ನೆಕ್ ಸೂಚಿಸುತ್ತೇನೆ. ಸ್ವೀಡನ್ನಿನ ವೇಗದ ಗಿಟಾರ್ ವಾದಕ ಇಂಗ್ವೇ ಮಾಲ್ಮ್‌ಸ್ಟೀನ್ ಅವರಂತೆ ಫ್ರೆಟ್‌ಗಳ ನಡುವಿನ ಮರವನ್ನು ತೋಡಿಸುವ ದಾರಿಯೂ ಇದೆ. ಬೆರಳು ಮರಕ್ಕೆ ತಾಗುವುದೇ ಇಲ್ಲ, ಎಳೆತ ಹಗುರ. ಆದರೆ ಭಾರವಾಗಿ ಒತ್ತುವ ಕೈಗೆ ಅದರಲ್ಲಿ ಶ್ರುತಿ ಏರಿಬಿಡುತ್ತದೆ. ಹಗುರ ಕೈ ಇದ್ದವರಿಗೆ ಮಾತ್ರ ಮಾಡಿಕೊಡುತ್ತೇನೆ.

ನೆಕ್ ಸರಿಯಿಲ್ಲ ಎಂದು ಬರುವ ಗಿಟಾರ್‌ಗಳಲ್ಲಿ ಎಷ್ಟೋ ಸೆಟಪ್‌ನಿಂದಲೇ ಸರಿಹೋಗುತ್ತವೆ. ನೆಕ್ ಒಳಗಿನ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸಿ ಅದರ ಬಾಗನ್ನು 0.2 ಮಿಲಿಮೀಟರ್ ಹತ್ತಿರ ತರುವುದು, ಫ್ರೆಟ್‌ಗಳನ್ನು ಒಂದೇ ಮಟ್ಟಕ್ಕೆ ಉಜ್ಜುವುದು, ಹನ್ನೆರಡನೆಯ ಫ್ರೆಟ್ ಮೇಲೆ ಸಣ್ಣ ತಂತಿಯನ್ನು ಒಂದೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸುವುದು, ಇಷ್ಟಾದರೆ ಅದೇ ಗಿಟಾರ್ ಬೇರೆಯದೆನಿಸುತ್ತದೆ. ಬೆನ್ನಿನ ಹೊಳೆಯುವ ವಾರ್ನಿಷ್ ಬೆವರಿಗೆ ಅಂಟುತ್ತಿದ್ದರೆ ನಯವಾದ ಉಕ್ಕಿನ ಉಣ್ಣೆಯಿಂದ ಉಜ್ಜಿ ಹೊಳಪು ತೆಗೆಯುತ್ತೇನೆ, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ಆಯಸ್ಕಾಂತಕ್ಕೆ ಉಕ್ಕಿನ ಪುಡಿ ಹಿಡಿಯದಂತೆ ಟೇಪ್ ಹಚ್ಚಿ. ಕೈ ಜಾರುವ ಸುಖ ಅಲ್ಲೇ ಸಿಕ್ಕು, ಹೊಸ ಗಿಟಾರ್‌ನ ಯೋಚನೆ ಬಿಟ್ಟವರಿದ್ದಾರೆ.

ಹವೆಯ ವಿಷಯದಲ್ಲಿ ತೆಳು ನೆಕ್ ಸೂಕ್ಷ್ಮ. ಮರ ಕಡಿಮೆ ಇದ್ದಷ್ಟೂ ತೇವದ ಏರಿಳಿತಕ್ಕೆ ಬೇಗ ಬಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ತೇವ ಹೀರುವ ಮರ ರಾಯಚೂರಿನ ಬೇಸಿಗೆಯಲ್ಲಿ ಕುಗ್ಗುತ್ತದೆ. ಆಗ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಚಾಚಿ ಬೆರಳನ್ನು ಗೀರುತ್ತದೆ. ಮೇಪಲ್ ಮತ್ತು ವಾಲ್ನಟ್ ಪಟ್ಟಿಗಳನ್ನು ಐದು ಪದರವಾಗಿ ಅಂಟಿಸಿದ, ಒಳಗೆ ಟೈಟಾನಿಯಮ್ ಸರಳಿರುವ ತೆಳು ನೆಕ್‌ಗಳೂ ಉಂಟು. ತೆಳುವೇ ಬೇಕೆಂದರೆ, ಕರಾವಳಿಯವರು ದುಡ್ಡು ಹೆಚ್ಚಾದರೂ ಅಂಥದ್ದನ್ನೇ ನೋಡಲಿ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಕುಳಿತು ಐದು ನಿಮಿಷ ನುಡಿಸಿ ತೀರ್ಮಾನಿಸಬೇಡಿ. ನಿಮ್ಮದೇ ಪಟ್ಟಿ ಒಯ್ಯಿರಿ, ವೇದಿಕೆಯಲ್ಲಿ ಹಾಕಿಕೊಳ್ಳುವ ಎತ್ತರಕ್ಕೇ ಹಾಕಿಕೊಂಡು ನಿಂತು ನುಡಿಸಿ. ಪಟ್ಟಿ ಒಂದು ಗೇಣು ಇಳಿದರೆ ಮಣಿಕಟ್ಟಿನ ಕೋನ ಬದಲಾಗಿ ಹೆಬ್ಬೆರಳಿನ ಜಾಗವೂ ಬದಲಾಗುತ್ತದೆ. ಇಪ್ಪತ್ತನೆಯ ಫ್ರೆಟ್ ಆಚೆಗೂ ಹೋಗಿ, ನೆಕ್ ಮೈಗೆ ಸೇರುವ ಜಾಗದ ದಿಮ್ಮಿ ಅಂಗೈಗೆ ತಡೆಯೊಡ್ಡುತ್ತದೆಯೇ ನೋಡಿ. ಕೈ ದಣಿದ ಮೇಲೆ ಅದೇ ಓಟವನ್ನು ಇನ್ನೊಮ್ಮೆ ನುಡಿಸಿ. ದಣಿವಿಗೆ ಮೊದಲು ಎಲ್ಲ ನೆಕ್‌ಗಳೂ ಚೆನ್ನಾಗಿಯೇ ಇರುತ್ತವೆ.

ಈಗಿರುವ ನೆಕ್ ಅನ್ನೇ ಕೆತ್ತಿ ತೆಳುಗೊಳಿಸಬಹುದೇ ಎಂದು ಕೇಳುವವರಿದ್ದಾರೆ. ಭುಜದಿಂದ ಒಂದಿಷ್ಟು ಮರ ತೆಗೆಯುವುದು ಸಾಧ್ಯ, ಅಷ್ಟರಿಂದಲೇ ನೆಕ್ ಹಗುರವೆನಿಸುತ್ತದೆ. ನಡು ಬೆನ್ನನ್ನು ಮಾತ್ರ ಮುಟ್ಟುವುದಿಲ್ಲ, ಒಳಗೆ ಟ್ರಸ್ ರಾಡ್ ಕೂರಿಸಿದ ಕಾಲುವೆಯ ಹಿಂದೆ ಉಳಿದಿರುವ ಮರ ಬಹಳ ಕಡಿಮೆ. ಬೋಲ್ಟ್ ಹಾಕಿ ಜೋಡಿಸಿದ ನೆಕ್ ಆದರೆ, ಅದೇ ಅಳತೆಯ ಇನ್ನೊಂದು ಆಕಾರದ ನೆಕ್ ತರಿಸಿ ಕೂರಿಸಿ, ಹಳೆಯದನ್ನು ಬಟ್ಟೆ ಸುತ್ತಿ ಎತ್ತಿಡಲು ಹೇಳುತ್ತೇನೆ. ಅಂಟಿಸಿದ ನೆಕ್‌ಗೆ ಆ ಅನುಕೂಲ ಇಲ್ಲವಾದ್ದರಿಂದ ಅಂತಹ ಗಿಟಾರ್ ಕೊಳ್ಳುವ ಮುನ್ನ ಇನ್ನೂ ಹೆಚ್ಚು ಹೊತ್ತು ನುಡಿಸಿ ನೋಡಿ.